ನಂಬಲಾಗದ ಹೆಂಗಸರು

"ಮುಂದಿನ ತಿಂಗಳು ನಂದು," ಎಂದು ವೆಂಡೆಲ್ ಸ್ಟ್ರಾಂಡ್ ಮೇಷ್ಟ್ರು ಚೀಲದಿಂದ ಮೂರು ಕಟ್ಟು ಹಾಳೆಗಳನ್ನು ತೆಗೆದು, ಇಸ್ಪೀಟು ಹಂಚುವವರ ಹಾಗೆ ಒಬ್ಬೊಬ್ಬರ ಮುಂದಕ್ಕೆ ತಳ್ಳಿದರು.

ಆರ್ಡಿಸ್‌ಳ ಹೆಣಿಗೆಯ ಕಡ್ಡಿಗಳು ನಿಂತವು. ಹಿಮ ತೆಗೆಯುವ ಲಾರಿ ಓಡಿಸಿ ನಿವೃತ್ತನಾಗಿದ್ದ ಗಾರ್ಡಿ ಬಾಯಲ್ಲಿದ್ದ ಬಿಸ್ಕತ್ತನ್ನು ಅಗಿಯುವುದನ್ನೇ ಮರೆತ. ಮಿನೆಸೋಟದ ಹೋಲ್ಟರ್ ಎಂಬ ಊರಿನ ಗ್ರಂಥಾಲಯದ ಮಹಡಿಯ ಮೇಲೆ ಈ ಬರಹಗಾರರ ಕೂಟ ಶುರುವಾಗಿ ಇಪ್ಪತ್ತೆರಡು ವರ್ಷವಾಗಿತ್ತು. ತಿಂಗಳಿಗೊಂದು ಮಂಗಳವಾರ, ಬೆಳಿಗ್ಗೆ ಹತ್ತಕ್ಕೆ. ಶುರು ಮಾಡಿದವರು ಮೇಷ್ಟ್ರೇ. ಆದರೆ ಅಷ್ಟು ವರ್ಷದಲ್ಲಿ ತಾವು ಬರೆದ ಒಂದು ಸಾಲನ್ನೂ ಅವರು ಆ ಮೇಜಿನ ಮೇಲೆ ಇಟ್ಟವರಲ್ಲ. ಬರೆಯುವ ಪಾಪ ಬೇರೆಯವರದು, ತಿದ್ದುವ ಪುಣ್ಯ ಅವರದು.

"ನೀವೇ ಬರೆದದ್ದಾ ಮೇಷ್ಟ್ರೇ?" ಎಂದಳು ಮಾರ್ಲಿಸ್.

"ಇನ್ಯಾರು ಬರ್ಕೊಡ್ತಾರೆ ನಂಗೆ? ಬೆರ್ನಿಸ್ ಬಗ್ಗೆ. ಅವಳ ಕೊನೇ ಚಳಿಗಾಲ." ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು. ಹೆಂಡತಿ ಬೆರ್ನಿಸ್ ತೀರಿಕೊಂಡು ಎರಡು ವರ್ಷವಾಗಿತ್ತು. ಅವರಿಗೆ ಎಂಬತ್ತನಾಲ್ಕು ತುಂಬಿತ್ತು. "ದಾಕ್ಷಿಣ್ಯ ಗೀಕ್ಷಿಣ್ಯ ಬೇಡ. ನಿಯಮ ಎಲ್ರಿಗೂ ಒಂದೇ."

ಮಾರ್ಲಿಸ್ ಟ್ವೇಟ್ ಎಪ್ಪತ್ತು ವರ್ಷದ, ಭಾನುವಾರ ತಪ್ಪದೆ ಚರ್ಚಿಗೆ ಹೋಗುವ, ಪಕ್ಕದ ಮನೆಯ ಬೆಕ್ಕು ತನ್ನ ಹೂವಿನ ಮಡಿ ಕೆದರಿದರೂ ಅದಕ್ಕೆ ಹಾಲಿಡುವ ಹೆಂಗಸು. ಆ ಗಳಿಗೆಯಲ್ಲಿ ಅವಳಿಗಾದ ಸಂತೋಷ ಮಾತ್ರ ಪಾದ್ರಿಯ ಹತ್ತಿರ ಹೇಳಿಕೊಳ್ಳುವಂಥದ್ದಾಗಿರಲಿಲ್ಲ. ಹಾಳೆಗಳನ್ನು ಅವಳು ಎರಡೆರಡು ಸಲ ಎಣಿಸಿ ಚೀಲಕ್ಕೆ ಹಾಕಿಕೊಂಡಳು. ಮೇಷ್ಟ್ರು ಅದನ್ನು ವಯಸ್ಸೆಂದುಕೊಂಡಿರಬೇಕು.

ಕೂಟದ ನಿಯಮ ಹೀಗಿತ್ತು. ಯಾರ ಬರಹದ ಮೇಲೆ ಮಾತು ನಡೆಯುತ್ತದೋ ಅವರು ಬಾಯಿ ತೆರೆಯಕೂಡದು. ವಾದ ಮಾಡಕೂಡದು, ವಿವರಿಸಕೂಡದು, 'ಅದು ನಿಜವಾಗಿ ನಡೆದದ್ದು' ಎನ್ನಲಂತೂ ಕೂಡದೇ ಕೂಡದು. ಎಲ್ಲರೂ ಹೇಳಿ ಮುಗಿಸಿದ ಮೇಲೆ 'ಥ್ಯಾಂಕ್ಸ್' ಎನ್ನಬೇಕು, ಗುರುತು ಹಾಕಿದ ಪ್ರತಿಗಳನ್ನೆಲ್ಲ ವಾಪಸು ಇಸಿದುಕೊಂಡು ಮನೆಗೆ ಹೋಗಬೇಕು. ಇದನ್ನು ಮೇಷ್ಟ್ರು ಯಾವುದೋ ಬೇಸಿಗೆ ಶಿಬಿರದಿಂದ ಹೊತ್ತು ತಂದಿದ್ದರು. ನಮ್ಮ ಕಡೆಯವರಿಗೆ ಹೇಳಿ ಮಾಡಿಸಿದ ನಿಯಮ. ಮಿನೆಸೋಟದವರ ಕಾಲ ಮೇಲೆ ಕಾರು ಹತ್ತಿದರೂ ಅವರು ಮೊದಲು ಕ್ಷಮೆ ಕೇಳಿ ಆಮೇಲೆ ಕಾಲು ನೋಡಿಕೊಳ್ಳುತ್ತಾರೆ.

ಸುಮ್ಮನೆ ಕೇಳಿಸಿಕೊಳ್ಳುವುದು ಮಾರ್ಲಿಸ್‌ಗೆ ಹೊಸದೇನಲ್ಲ. ಬರೆಯುವವಳಾಗಿ ಅವಳಿಗೆ ಸಿಕ್ಕಿದ ಮೊದಲ ಅಭಿಪ್ರಾಯ ಒಂಬತ್ತನೇ ವಯಸ್ಸಿನದು. ಹಸುವಿನ ಮೇಲೊಂದು ಪದ್ಯ ಬರೆದು ಅಮ್ಮನಿಗೆ ತೋರಿಸಿದ್ದಳು. ಅಮ್ಮ ಪೂರ್ತಿ ಓದಿ, "ಅದರ ಹಾಲು ಕರೆದಾಯ್ತಾ?" ಎಂದಿದ್ದಳು. ಹದಿನಾರರಲ್ಲಿ, ಆಗಿನ್ನೂ ಮೀಸೆ ಕಪ್ಪಗಿದ್ದ ಇದೇ ಸ್ಟ್ರಾಂಡ್ ಮೇಷ್ಟ್ರು ಅವಳ ಪ್ರಬಂಧದ ಕೆಳಗೆ ಹಸಿರು ಮಸಿಯಲ್ಲಿ, 'ಹೇಳಲು ಏನಾದರೂ ಇದ್ದಾಗ ಬರೆ' ಎಂದು ಗೀಚಿದ್ದರು. ಗಂಡ ವರ್ಲಿನ್ ಅವಳ ಕಾದಂಬರಿಯ ಬೆರಳಚ್ಚು ಪ್ರತಿಯನ್ನು ಮೂರು ಚಳಿಗಾಲ ಓದಿ ಒಂದೇ ಮಾತು ಹೇಳಿದ್ದ: "ಐವತ್ತೆಂಟನೇ ಇಸವಿ ಟ್ರ್ಯಾಕ್ಟರ್‌ಗೆ ಎರಡೇ ದೀಪ ಇದ್ದದ್ದು ಕಣೇ. ನೀನು ಮೂರು ಬರ್ದಿದೀಯ." ಪತ್ರಿಕೆಗಳಿಂದ ಬಂದ ಅರವತ್ತೊಂದು ಚೀಟಿಗಳು 'ಸದ್ಯಕ್ಕೆ ನಮಗೆ ಹೊಂದುವುದಿಲ್ಲ' ಎಂದಿದ್ದವು. ಅವುಗಳಲ್ಲಿ ಒಂದು, ಅವಳು ಕಳಿಸಿಯೇ ಇರದ ಕಥೆಯನ್ನು ತಿರಸ್ಕರಿಸಿತ್ತು.

ಅರವತ್ತಮೂರನೇ ವಯಸ್ಸಿನಲ್ಲಿ ಕಾದಂಬರಿ ಹೇಗೋ ಅಚ್ಚಾಯಿತು. ನಾದಿನಿ ಓದಿ, "ಬೇರೆ ಥರ ಇದೆ," ಎಂದಳು. ನಮ್ಮ ಕಡೆ ಹಾಗೆಂದರೆ, ಇದನ್ನು ಹಿತ್ತಲಲ್ಲಿ ಆಳವಾಗಿ ಹೂಳಿ ಎಂದರ್ಥ. ಹಲ್ಲಿನ ಡಾಕ್ಟರು ಅವಳ ಎರಡೂ ದವಡೆಗೆ ಹತ್ತಿ ತುರುಕಿ, ಹಲ್ಲು ಕೊರೆಯುತ್ತ, "ನಿಮ್ಮ ಪುಸ್ತಕ ಓದಿದೆ. ಮಧ್ಯದಲ್ಲಿ ಸ್ವಲ್ಪ ಎಳೀತು ಅನ್ನಿಸ್ತು. ನೋವಾಯ್ತಾ?" ಎಂದು ಕೇಳಿದರು.

ಇವನ್ನೆಲ್ಲ ಮಾರ್ಲಿಸ್ ಮರೆಯುವವಳಲ್ಲ. ಬರಹದಲ್ಲಿದ್ದದ್ದನ್ನು ಹಾಗೇ, ಬಾಯಲ್ಲಿ ಬಂದದ್ದನ್ನು ತಾರೀಕಿನ ಸಮೇತ ಬರೆದು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಗ್ಯಾರೇಜಿನ ದೊಡ್ಡ ಫ್ರೀಜರಿನಲ್ಲಿ ಜಿಂಕೆ ಮಾಂಸದ ಪೊಟ್ಟಣಗಳ ಅಡಿಯಲ್ಲಿ ಇಟ್ಟಿದ್ದಳು. ಇಲಿ ಕಡಿಯಬಾರದು, ಮನೆಗೆ ಬೆಂಕಿ ಬಿದ್ದರೂ ಸುಡಬಾರದು. ಉಳಿದವನ್ನು ಅವಳು ನಗುತ್ತಲೂ ಓದಬಲ್ಲಳು. ಒಂದನ್ನು ಮಾತ್ರ ತೆಗೆದು ನೋಡುತ್ತಿರಲಿಲ್ಲ.

ಅದು ಹನ್ನೊಂದು ವರ್ಷದ ಹಿಂದಿನದು. ಅಮ್ಮನನ್ನು ಮಣ್ಣು ಮಾಡಿ ಎಂಟು ವಾರವಾಗಿತ್ತು. ಎಂಬತ್ತೆಂಟರ ಅಮ್ಮ ಸಾಯುವ ಹಿಂದಿನ ದಿನ, ತನ್ನ ಕೂದಲಿಗೆ ಸುರುಳಿ ಹಾಕಿ ಮುಗಿಯುವ ತನಕ ಪಾದ್ರಿಯನ್ನು ಒಳಗೆ ಬಿಟ್ಟಿರಲಿಲ್ಲ. ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ ಆತ ಹೊರಗೆ ನಿಂತಿದ್ದ. ಒಳಗೆ ಬಂದಾಗ ಪ್ರಸಾದದ ವೈನು ಸೀಸೆಯಲ್ಲೇ ಹೆಪ್ಪುಗಟ್ಟಿತ್ತು. "ಇನ್ನೇನು, ಕಚ್ಚಿ ತಿನ್ಲಾ?" ಎಂದಿದ್ದಳು ಅಮ್ಮ. ಮಾರ್ಲಿಸ್ ಅದನ್ನು ಇದ್ದದ್ದು ಇದ್ದ ಹಾಗೆ ಬರೆದು ಕೂಟಕ್ಕೆ ತಂದಳು. ಮೇಷ್ಟ್ರು ಮೂಗಿನ ತುದಿಗೆ ಕನ್ನಡಕ ಇಳಿಸಿ, "ತಾಯಿ ಪಾತ್ರ ನಂಬೋ ಹಾಗಿಲ್ಲ. ಸಾಯೋ ತಾಯಂದಿರು ಹೀಗಿರಲ್ಲ. ನಗಿಸ್ಬೇಕು ಅನ್ನೋ ಆಸೆ ಬರೆಯೋರಿಗೆ ಒಳ್ಳೇದಲ್ಲ," ಎಂದರು. ಮಾರ್ಲಿಸ್ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದಳು. ಕೊನೆಗೆ "ಥ್ಯಾಂಕ್ಸ್" ಎಂದಳು. ಅಮ್ಮನ ಬಗ್ಗೆ ಆಮೇಲೆ ಒಂದಕ್ಷರ ಬರೆಯಲಿಲ್ಲ. ಬರೆಯಲು ಕೂತಾಗಲೆಲ್ಲ ಆ ಮನುಷ್ಯನ ಕನ್ನಡಕ ಕಾಣುತ್ತಿತ್ತು.

ಹಾಗಾಗಿ ಅವಳು ಅಂಗಡಿಗೆ ಹೋಗಿ ಹಸಿರು ಮಸಿಯ ಪೆನ್ನು ಕೊಂಡು ತಂದು, ಅಡುಗೆಮನೆಯ ಮೇಜಿನ ಮುಂದೆ ಕೂತು, ಬೇಟೆಗೆ ಹೊರಟವಳ ಉಮೇದಿನಲ್ಲಿ ಮೇಷ್ಟ್ರ ಹಾಳೆಗಳನ್ನು ತೆರೆದಳು. ಮೊದಲ ಪುಟ ಬರೀ ಹವಾಮಾನ. ಎರಡನೆಯದೂ ಅಷ್ಟೇ. ಅವಳು ತೃಪ್ತಿಯಿಂದ ಕಾಫಿ ಬಗ್ಗಿಸಿಕೊಂಡಳು.

ಆರನೇ ಪುಟದಲ್ಲಿ ಬೆರ್ನಿಸ್ ಬಂದಳು. ಕ್ಯಾನ್ಸರ್ ಔಷಧದ ಕಾವಿಗೆ ತಲೆಗೂದಲು, ಹುಬ್ಬು ಎಲ್ಲ ಉದುರಿಹೋಗಿ, ಕಿಟಕಿಯ ಪಕ್ಕ ಹಾಕಿದ್ದ ಮಂಚದ ಮೇಲೆ ಕೂತಿದ್ದ ಬೆರ್ನಿಸ್. ಕ್ರಿಸ್‌ಮಸ್ ಶುಭಾಶಯ ಕಳಿಸುವವರ ಪಟ್ಟಿಯನ್ನು ತರಲು ಗಂಡನಿಗೆ ಹೇಳುತ್ತಾಳೆ. ನಲವತ್ತೊಂಬತ್ತು ವರ್ಷ ಯಾರ ಬಗ್ಗೆಯೂ ಒಂದು ಕೆಟ್ಟ ಮಾತಾಡದ ಹೆಂಗಸು ಪಟ್ಟಿಯನ್ನು ಮಂಡಿಯ ಮೇಲಿಟ್ಟುಕೊಂಡು ಹೆಸರುಗಳನ್ನು ಹೊಡೆದು ಹಾಕಲು ಶುರು ಮಾಡುತ್ತಾಳೆ. ಇವಳನ್ನು ಕಂಡರೆ ನನಗೆ ಯಾವತ್ತೂ ಆಗುತ್ತಿರಲಿಲ್ಲ. ಇವನು ನಮ್ಮ ದೋಣಿ ಮುಳುಗಿಸಿದವನು. ಇದು ನಿನ್ನ ತಂಗಿ, ಹೋಗಲಿ. ಮೂವತ್ತೆಂಟು ಹೆಸರು. ಕೊನೆಗೆ, "ನಿನ್ನ ಹೆಸರೂ ಬರಿ," ಎಂದು ಗಂಡನಿಂದಲೇ ಬರೆಸಿ, ಅದನ್ನೂ ಹೊಡೆದು, ಕೆಮ್ಮು ಬರುವ ತನಕ ನಗುತ್ತಾಳೆ. ಕೆಮ್ಮು ನಿಂತ ಮೇಲೆ ಹೊಡೆದ ಹೆಸರಿನ ಮೇಲ್ಗಡೆ ಸಣ್ಣ ಅಕ್ಷರದಲ್ಲಿ ಅದನ್ನೇ ಮತ್ತೆ ಬರೆಯುತ್ತಾಳೆ.

ಮಾರ್ಲಿಸ್ ನಕ್ಕಳು. ಆಮೇಲೆ ಅತ್ತಳು. ಆಮೇಲೆ ಸಿಟ್ಟು ನೆತ್ತಿಗೇರಿತು. ಹಿತ್ತಲಿಂದ ಒಳಗೆ ಬಂದ ವರ್ಲಿನ್ ಬೂಟು ಕಳಚುತ್ತ ಹೆಂಡತಿಯ ಮುಖ ನೋಡಿದ.

"ಏನಾಯ್ತೇ?"

"ಚೆನ್ನಾಗಿದೆ ರೀ."

"ಒಳ್ಳೇದೇ ಅಲ್ವಾ?"

"ಒಳ್ಳೇದು ಹೇಗಾಗತ್ತೆ!" ಮಾರ್ಲಿಸ್ ಮೇಜು ಗುದ್ದಿದಳು. "ಹನ್ನೊಂದು ವರ್ಷದಿಂದ ಕಾಯ್ತಿದೀನಿ. ಈ ಮುದುಕ ಈಗ ಹೋಗಿ ಚೆನ್ನಾಗಿ ಬರೀಬೇಕಾ?"

ವರ್ಲಿನ್ ಸ್ವಲ್ಪ ಯೋಚಿಸಿ, "ಅದ್ರಲ್ಲಿ ಟ್ರ್ಯಾಕ್ಟರ್ ಇದೆಯಾ?" ಎಂದು ಕೇಳಿದ.

ಆ ತಿಂಗಳಲ್ಲಿ ಅವಳು ಆರನೇ ಪುಟವನ್ನು ಎಷ್ಟು ಸಲ ಓದಿದಳೋ ಲೆಕ್ಕವಿಲ್ಲ. ತಪ್ಪು ಹುಡುಕಲಿಕ್ಕೆಂದೇ ಓದಿದಳು. ಪಾತ್ರೆ ತೊಳೆಯುವಾಗ ಅದರ ಸಾಲುಗಳು ತಾವಾಗಿಯೇ ಬಾಯಿಗೆ ಬರತೊಡಗಿದವು. ಒಂದು ತಪ್ಪೂ ಸಿಗಲಿಲ್ಲ. ಮಂಗಳವಾರ ಬೆಳಿಗ್ಗೆ ಹೊರಡುವ ಮುಂಚೆ, ಆ ಪುಟದ ಅಂಚಿನಲ್ಲಿ ಹಸಿರು ಮಸಿಯಲ್ಲಿ 'ಹೆಂಡತಿ?' ಎಂದು ಬರೆದು ಕಾರು ಹತ್ತಿದಳು.

ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಮುಂದೆ ಒಂದು ನೋಟ್‌ಬುಕ್ ತೆರೆದಿಟ್ಟುಕೊಂಡು, ಪರೀಕ್ಷೆಗೆ ಕೂತ ಹುಡುಗನ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತರು. ಆರ್ಡಿಸ್ ಉಣ್ಣೆಯ ಉಂಡೆಯನ್ನು ಪಕ್ಕಕ್ಕಿಟ್ಟು, "ನಂಗೆ ಆ ಪಟ್ಟಿ ವಿಷಯ ಇದೆಯಲ್ಲ..." ಎಂದು ಮುಖ ಅರಳಿಸಿ ಶುರು ಮಾಡಿದಳು.

"ಅದೇ ನೋಡು ತೊಂದ್ರೆ," ಎಂದು ಮಾರ್ಲಿಸ್ ನಡುವೆ ಬಂದಳು. ಅವಳ ದನಿ ಜೇನಿನಷ್ಟು ಸಿಹಿಯಾಗಿತ್ತು. "ಹೆಂಡತಿ ಪಾತ್ರ ನಂಬೋ ಹಾಗಿಲ್ಲ ಮೇಷ್ಟ್ರೇ. ಸಾಯೋ ಹೆಂಗಸು ಹೀಗೆ ನಗ್ತಾಳಾ? ಬೆರ್ನಿಸ್ ಥರದೋಳು ಹೀಗೆ ಮಾತಾಡ್ತಾಳಾ? ನಗಿಸ್ಬೇಕು ಅನ್ನೋ ಆಸೆ ಕಾಣತ್ತೆ."

ಆರ್ಡಿಸ್ ಬಾಯಿ ಮುಚ್ಚಿಕೊಂಡಳು. ಎದುರು ಮಾತಾಡುವುದು ನಮ್ಮ ಕಡೆ ಇನ್ನೊಬ್ಬರ ತಟ್ಟೆಗೆ ಕೈಹಾಕಿ ತಿಂದಷ್ಟು ಅಸಹ್ಯ. "ಹೌದೇನೋಪ್ಪ, ಹಾಗೆ ನೋಡಿದ್ರೆ ಸ್ವಲ್ಪ ಹಾಗೇ," ಎಂದಳು. ಗಾರ್ಡಿ ತಲೆ ಕೆರೆದುಕೊಂಡು, "ಬೇರೆ ಥರ ಇದೆ," ಎಂದುಬಿಟ್ಟ. ಮೇಷ್ಟ್ರು ಎಲ್ಲವನ್ನೂ ಬರೆದುಕೊಂಡರು. ಒಂದು ಸಲ ಅವರ ತುಟಿ ಅಲ್ಲಾಡಿತು. 'ಅದು ನಿಜವಾಗಿ ನಡೆದದ್ದು' ಎಂಬ ಮಾತು ಅವರ ಗಂಟಲಲ್ಲಿ ಮೇಲೆ ಬಂದು ಕೆಳಗಿಳಿಯುವುದನ್ನು ಮಾರ್ಲಿಸ್ ಕಣ್ಣಾರೆ ಕಂಡಳು. ಅವಳಿಗೆ ಅದೆಷ್ಟು ಹಿತವಾಯಿತೆಂದರೆ ಕೂತಲ್ಲೇ ಕಾಲ ಬೆರಳುಗಳು ಮಡಿಸಿಕೊಂಡವು.

"ಥ್ಯಾಂಕ್ಸ್," ಎಂದರು ಮೇಷ್ಟ್ರು. ಪ್ರತಿಗಳನ್ನು ಇಸಿದುಕೊಳ್ಳುವಾಗ ಮಾರ್ಲಿಸ್‌ಳ ಹಾಳೆಯ ಮೇಲೆ ಕಣ್ಣು ನಿಲ್ಲಿಸಿದರು. ಅವಳು ಅವರ ಮುಖವನ್ನೇ ನೋಡಿದಳು. ಈಗ ಗೊತ್ತಾಗಬೇಕು. ಈಗ ನೆನಪಾಗಬೇಕು.

"ಹಸಿರು ಮಸಿ ಕಣ್ಣಿಗೆ ಒಳ್ಳೇದು," ಎಂದಷ್ಟೇ ಹೇಳಿ ಚೀಲ ಹೆಗಲಿಗೇರಿಸಿದರು.

ಅವರಿಗೆ ಏನೂ ನೆನಪಿರಲಿಲ್ಲ. ಹೊಡೆದವನಿಗೆ ಹೊಡೆದದ್ದು ನೆನಪಿಲ್ಲದಿದ್ದರೆ ಸೇಡಿಗೆ ಉಪ್ಪೇ ಇರುವುದಿಲ್ಲ. ಆದರೂ ಅವತ್ತು ಮಧ್ಯಾಹ್ನ ಮಾರ್ಲಿಸ್ ಎರಡು ತಟ್ಟೆ ಹುರಿದ ಮೀನು ತಿಂದು, ಹಾಡು ಗುನುಗುತ್ತ ಕಿಟಕಿಗಳನ್ನೆಲ್ಲ ಒರೆಸಿದಳು.

ಮುಂದಿನ ತಿಂಗಳು ಮೇಷ್ಟ್ರು ಎಲ್ಲರಿಗಿಂತ ಮುಂಚೆ ಬಂದು ಕೂತಿದ್ದರು. ಅಂಗಿಗೆ ಇಸ್ತ್ರಿ ಇರಲಿಲ್ಲ. ಮುಂದೆ ಒಂಬತ್ತೇ ಹಾಳೆ.

"ನೀನು ಹೇಳಿದ್ದು ಸರಿ ಮಾರ್ಲಿಸ್," ಎಂದರು. ದನಿಯಲ್ಲಿ ಕೊಂಕು ಇರಲಿಲ್ಲ. ಐವತ್ತನಾಲ್ಕು ವರ್ಷದಲ್ಲಿ ಆ ಬಾಯಿಂದ ಆ ಮಾತು ಅವಳು ಕೇಳಿದ್ದು ಅದೇ ಮೊದಲು. "ತುಂಬ ಯೋಚ್ನೆ ಮಾಡ್ದೆ. ನಂಗೇ ಸರಿಯಾಗಿ ನೆನಪಿಲ್ವೇನೋ. ಅವಳು ಹಾಗೆ ನಕ್ಕಳೋ, ನಗ್ಲಿ ಅಂತ ನಾನೇ ಅಂದ್ಕೊಂಡ್ನೋ. ವಯಸ್ಸು ನೋಡು, ಎಂಬತ್ನಾಲ್ಕು. ಮೂರು ಜನ ಕೂತು ಆಗಿರೋಕೆ ಸಾಧ್ಯವಿಲ್ಲ ಅಂದ್ರೆ ಆಗಿರ್ಲಿಕ್ಕಿಲ್ಲ."

"ಹಳೇ ಪ್ರತಿ?" ಎಂದಳು ಮಾರ್ಲಿಸ್.

"ಅದ್ಯಾಕೆ ಇನ್ನು? ಎಲ್ಲಾನೂ ರದ್ದಿಗೆ ಹಾಕ್ದೆ. ನಿನ್ನೆ ಲಾರಿ ಬಂದು ತಗೊಂಡ್ಹೋಯ್ತು."

ಮೇಷ್ಟ್ರು ಟೈಪ್‌ರೈಟರಿನಲ್ಲಿ ಬರೆಯುವವರು. ಬೇರೆ ಪ್ರತಿ ಎಲ್ಲೂ ಇರಲಿಲ್ಲ.

ಅವರು ಓದತೊಡಗಿದರು. ಹೊಸ ಬೆರ್ನಿಸ್ ಕಣ್ಣು ಮುಚ್ಚಿ ಮಲಗಿದ್ದಳು. ಎಲ್ಲರನ್ನೂ ಕ್ಷಮಿಸಿದಳು. ಗಂಡನ ಕೈ ಹಿಡಿದುಕೊಂಡು, ಬೆಳಕು ಕಾಣುತ್ತಿದೆ ಎಂದಳು. ಕಿಟಕಿಯ ಹೊರಗೆ ಮೆತ್ತಗೆ ಹಿಮ ಬಿತ್ತು. ಎಲ್ಲ ಸತ್ತ ಹೆಂಗಸರ ಹಾಗೆ ಬೆರ್ನಿಸ್ ಸತ್ತಳು.

ಗಾರ್ಡಿ ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡ. "ಈಗ ಒಪ್ಪೋ ಹಾಗಿದೆ ಮೇಷ್ಟ್ರೇ. ನನ್ನ ಅತ್ತೇನೂ ಹೀಗೇ ಹೋದದ್ದು." ಆರ್ಡಿಸ್ ಕೂಡ, "ತುಂಬಾ ನಂಬೋ ಹಾಗಿದೆ," ಎಂದಳು. ಮೇಷ್ಟ್ರು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಆಮೇಲೆ ತಲೆಯೆತ್ತಿ ಮಾರ್ಲಿಸ್‌ಳ ಕಡೆ ನೋಡಿದರು. ಬೇರೆಯವರದ್ದಕ್ಕಲ್ಲ, ಅವಳ ಅಭಿಪ್ರಾಯಕ್ಕೆ ಅವರು ಕಾಯುತ್ತಿದ್ದರು.

ಇದಕ್ಕಿಂತ ದೊಡ್ಡ ಗೆಲುವು ಯಾವ ಬರಹಗಾರ್ತಿಗೂ ಸಿಕ್ಕಿರಲಾರದು. ಮಾರ್ಲಿಸ್ ಹಸಿರು ಪೆನ್ನನ್ನು ಚೀಲಕ್ಕೆ ಹಾಕಿದಳು. ಬೆರ್ನಿಸ್ ಒಂದು ಸಲ ರೋಗದಿಂದ ಸತ್ತಿದ್ದಳು. ಎರಡನೇ ಸಲ ಸಾಯಿಸಿದ್ದು ತಾನು ಎಂದು ಅವಳಿಗೆ ಚೆನ್ನಾಗಿ ಗೊತ್ತಾಯಿತು. ಹಾಗೆಂದು ಈ ಮನುಷ್ಯನ ಮೇಲಿನ ಸಿಟ್ಟೇನೂ ಇಳಿಯಲಿಲ್ಲ. ತನ್ನ ಸ್ವಂತ ಹೆಂಡತಿಯನ್ನು ಯಾರದೋ ಮಾತು ಕೇಳಿ ರದ್ದಿಗೆ ಹಾಕಿದ್ದಕ್ಕೆ ಅದು ಇನ್ನೊಂದು ಕೈ ಜಾಸ್ತಿಯೇ ಆಯಿತು.

"ಹೋದ ತಿಂಗಳು ನಾನು ಹೇಳಿದ್ದು ಸುಳ್ಳು," ಎಂದಳು.

ಆರ್ಡಿಸ್‌ಳ ಕೈಯಿಂದ ಉಣ್ಣೆಯ ಉಂಡೆ ಜಾರಿ ಕುರ್ಚಿಗಳ ಕೆಳಗೆ ಉರುಳಿತು. ಯಾರೂ ಎತ್ತಿಕೊಳ್ಳಲಿಲ್ಲ.

"ಬೇಕಂತ್ಲೇ ಹೇಳ್ದೆ. ಸೇಡಿಗೆ. ಹನ್ನೊಂದು ವರ್ಷದ ಹಿಂದೆ ಇದೇ ಮೇಜಿನ ಮೇಲೆ ನಮ್ಮಮ್ಮನ್ನ ತಂದಿಟ್ಟಿದ್ದೆ. ಕೂದ್ಲು ಸುರುಳಿ ಹಾಕ್ಸಿಕೊಂಡು, ಪಾದ್ರೀನ ಹೊರಗೆ ನಿಲ್ಸಿದ್ದೋಳು. ನಂಬೋ ಹಾಗಿಲ್ಲ ಅಂದ್ರಿ ನೀವು. ಎಂಟು ವಾರ ಆಗಿತ್ತು ಮಣ್ಣು ಮಾಡಿ. ಅಂತ್ಯಕ್ರಿಯೆಗೆ ನೀವೂ ಬಂದಿದ್ರಿ, ಎರಡು ಸಲ ಆಲೂಗಡ್ಡೆ ಸಲಾಡ್ ಹಾಕ್ಸ್ಕೊಂಡ್ರಿ! ಆಮೇಲೆ ಬಂದು ಹಾಗಂದ್ರಿ. ನಾನು ಥ್ಯಾಂಕ್ಸ್ ಅಂದೆ."

ಮೇಷ್ಟ್ರ ಮುಖ ಬಿಳಿಚಿಕೊಂಡಿತು. ಅವರು ಬಾಯಿ ತೆರೆದರು.

"ಬಾಯಿ ಮುಚ್ಚಿ ಮೇಷ್ಟ್ರೇ. ನಿಯಮ."

ಅವರು ಬಾಯಿ ಮುಚ್ಚಿದರು. ಗಾರ್ಡಿ ಮೆಲ್ಲಗೆ, "ಏ ಮಾರ್ಲಿಸ್, ಸಾಕು ಬಿಡು ತಾಯಿ..." ಎಂದ.

"ನೀನು ಸುಮ್ನಿರೋ. ಬಾಯಿ ಮುಚ್ಕೊಂಡಿರ್ಬೇಕು ಅನ್ನೋದು ಬರೆದೋರಿಗೆ. ಇವತ್ತು ಬರೆದೋಳು ನಾನಲ್ಲ." ಅವಳು ಮತ್ತೆ ಮೇಷ್ಟ್ರ ಕಡೆ ತಿರುಗಿದಳು. "ಕ್ಷಮಿಸಿ ಅಂತ ಹೇಳಲ್ಲ ನಾನು. ನೀವೂ ಹೇಳ್ಬೇಡಿ. ಇದು ಕಸ, ಈ ಒಂಬತ್ತು ಹಾಳೆ. ಬೆಳಕು ಕಾಣತ್ತಂತೆ! ಬೆರ್ನಿಸ್ ಯಾವತ್ತಾದ್ರೂ ಹೀಗೆ ಮಾತಾಡಿದ್ದುಂಟಾ? ಪಟ್ಟಿ ತರ್ಸಿದ್ದಳು ಅವಳು. ಮಂಡಿ ಮೇಲೆ ಇಟ್ಕೊಂಡು ಒಂದೊಂದೇ ಹೆಸ್ರು ಹೊಡೆದ್ಳು. 'ಇವಳನ್ನ ಕಂಡ್ರೆ ನಂಗೆ ಯಾವತ್ತೂ ಆಗ್ತಿರ್ಲಿಲ್ಲ.' ಅದು ಮೊದ್ಲನೇದು. 'ಇವನು ನಮ್ಮ ದೋಣಿ ಮುಳುಗ್ಸಿದೋನು.' ಮೂವತ್ತೇಳು ಹೆಸ್ರು..."

ಮೇಷ್ಟ್ರು ತಲೆ ಅಡ್ಡಡ್ಡ ಆಡಿಸಿದರು. ಬಾಯಿ ಬಿಗಿದುಕೊಂಡೇ ಇತ್ತು. ಎಂಟು ಬೆರಳು ಎತ್ತಿ ತೋರಿಸಿದರು.

"ಸರಿ, ಮೂವತ್ತೆಂಟು," ಎಂದಳು ಮಾರ್ಲಿಸ್. ಮುದುಕ ಈಗಲೂ ತಿದ್ದುತ್ತಿದ್ದಾನೆಂದು ಅವಳಿಗೆ ಮೈಯೆಲ್ಲ ಉರಿಯಿತು. "ಆಮೇಲೆ ನಿಮ್ಮ ಕೈಲೇ ನಿಮ್ಮ ಹೆಸ್ರು ಬರ್ಸಿದ್ಳು. ಪೆನ್ನು ತಗೊಂಡು ಅದನ್ನೂ ಹೊಡೆದ್ಳು."

ಅವರು ಮತ್ತೆ ತಲೆಯಾಡಿಸಿದರು, ಈ ಸಲ ಜೋರಾಗಿ.

"ಪೆನ್ನಲ್ವಾ? ಪೆನ್ಸಿಲ್ಲಾ?"

ಕೈಯನ್ನು ಅತ್ತಿತ್ತ ತೂಗಿದರು. ಹೌದು, ಅಲ್ಲ. ಆರ್ಡಿಸ್ ಮೇಜಿನ ಮೇಲೆ ಬಾಗಿ, "ಬಣ್ಣದ ಕಡ್ಡೀನಾ?" ಎಂದಳು. ಅಲ್ಲ. ಗಾರ್ಡಿ, "ಬಡಗಿ ಪೆನ್ಸಿಲ್? ಚಪ್ಪಟೆ ಇರತ್ತಲ್ಲ, ಅದು?" ಎಂದ. ಮೇಷ್ಟ್ರು ಅವನತ್ತ, ಶಾಲೆಯಲ್ಲಿ ದಡ್ಡರನ್ನು ನೋಡುತ್ತಿದ್ದ ಹಾಗೆ ನೋಡಿದರು. ಅವರ ಕಣ್ಣು ತುಂಬಿಕೊಂಡಿತ್ತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ತೋರುಬೆರಳನ್ನು ಹಣೆಗೆ ಒಯ್ದು, ತಮ್ಮ ನರೆತ ಹುಬ್ಬಿನ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ಗೆರೆ ಎಳೆದರು.

"ಹುಬ್ಬು ತೀಡೋ ಪೆನ್ಸಿಲ್ಲು," ಎಂದಳು ಮಾರ್ಲಿಸ್. ಆರನೇ ಪುಟದಲ್ಲಿ ಅದಿರಲಿಲ್ಲ.

ಮೇಷ್ಟ್ರು ತಲೆದೂಗಿ, ಮುಂದೆ ಹೇಳು ಎನ್ನುವಂತೆ ಕೈ ಮಾಡಿದರು.